ಹತ್ತು ವರ್ಷದ ಮಗಳ ವಿಡಿಯೊ ಅಕೌಂಟ್: ದೂರು ಮೊದಲು ಯಾರ ಕೈಗೆ ಹೋಗಬೇಕು?

ಪ್ರಶ್ನೆ:

ನಾವಿರುವುದು ಡೊಂಬಿವಲಿ ಪೂರ್ವದಲ್ಲಿ. ಮನೆಯವರು ಫೋರ್ಟ್‌ನ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ಬೆಳಿಗ್ಗೆ ಆರರ ಲೋಕಲ್ ಹಿಡಿದರೆ ಮನೆಗೆ ಬರುವುದು ರಾತ್ರಿಯೇ. ಮಗಳಿಗೆ 10 ವರ್ಷ. ನನ್ನ ಫೋನ್ ನಂಬರ್ ಹಾಕಿ, ಹುಟ್ಟಿದ ವರ್ಷ 2001 ಎಂದು ಕೊಟ್ಟು, ಒಂದು ವಿಡಿಯೊ ಆ್ಯಪ್‌ನಲ್ಲಿ ಅಕೌಂಟ್ ಮಾಡಿಕೊಂಡಿದ್ದಾಳೆ. ನನಗೆ ಗೊತ್ತಾದದ್ದು ಕಳೆದ ವಾರ. ಅದರಲ್ಲಿ 40ಕ್ಕಿಂತ ಹೆಚ್ಚು ವಿಡಿಯೊ ಇವೆ. ಸಂಘದ ರಾಜ್ಯೋತ್ಸವದಲ್ಲಿ ಅವಳು ಮಾಡಿದ ಡ್ಯಾನ್ಸನ್ನು ಡ್ಯಾನ್ಸ್ ಕ್ಲಾಸಿನವರು ಬೇರೆ ತಮ್ಮ ಪೇಜಿನಲ್ಲಿ ಹಾಕಿದ್ದಾರೆ. ಅವಳ ಹೆಸರು, ಶಾಲೆಯ ಹೆಸರು ಎರಡೂ ಅಲ್ಲಿವೆ. ಅದರ ಕೆಳಗೆ ಯಾರೋ ಒಬ್ಬ 'ಯಾವ ಬಿಲ್ಡಿಂಗ್ ಪುಟ್ಟಿ?' ಎಂದು ಕನ್ನಡದಲ್ಲೇ ಕೇಳಿದ್ದಾನೆ. ಅವಳಿಗೆ ಮೆಸೇಜ್ ಕಳಿಸಿ ಫೋಟೊ ಕೂಡ ಕೇಳಿದ್ದಾನೆ. ಅವಳು ಕಳಿಸಿಲ್ಲ ಅಂತಾಳೆ. ನನ್ನ ಫೋನಿನಲ್ಲಿ ಈಗ ಎಲ್ಲಿ ನೋಡಿದರೂ ಆಟಿಕೆ, ಮೇಕಪ್ ಕಿಟ್‌ಗಳ ಜಾಹೀರಾತು. ಮನೆಯವರು 'ಪೊಲೀಸ್ ಗಲಾಟೆ ಬೇಡ, ಡಿಲೀಟ್ ಮಾಡಿ ಬಿಡು' ಅಂತಾರೆ. ಪಕ್ಕದ ಮನೆಯವರು ಗ್ರಾಹಕರ ಕೋರ್ಟಿಗೆ ಹೋಗಿ ಅಂತಾರೆ. ಆ್ಯಪ್‌ನವರು ಅವಳ ಬಗ್ಗೆ ಏನೇನು ಇಟ್ಟುಕೊಂಡಿದ್ದಾರೆ? ಯಾರಿಗೆ ದೂರು ಕೊಡಬೇಕು?

ಉತ್ತರ:

ಮೊದಲು ಒಂದು ಮಾತು. ಮಗಳನ್ನು ಬೈಯಬೇಡಿ. ಹುಟ್ಟಿದ ವರ್ಷ ಸುಳ್ಳು ಹೇಳಿದಳು ಎಂದು ನಿಮಗೆ ಬೇಸರವಾಗಿರಬಹುದು. ಆದರೆ ಆ ಮನುಷ್ಯ ಫೋಟೊ ಕೇಳಿದ್ದನ್ನು ಅವಳು ನಿಮಗೆ ಹೇಳಿದ್ದಾಳಲ್ಲ, ಇಡೀ ವಿಷಯದಲ್ಲಿ ಅದಕ್ಕಿಂತ ದೊಡ್ಡ ಸಮಾಧಾನ ಇನ್ನೊಂದಿಲ್ಲ. ಮುಂಬೈಯಲ್ಲಿ ಸೈಬರ್ ದೂರುಗಳ ಕೆಲಸ ಮಾಡುವ ವಕೀಲೆಯಾಗಿ ನಾನು ಇಂಥ ಮನೆಗಳನ್ನು ಜಾಸ್ತಿ ನೋಡಿದ್ದೇನೆ. ಬೈಸಿಕೊಂಡ ಮಗು ಮುಂದಿನ ಸಲ ಬಾಯಿ ಬಿಡುವುದಿಲ್ಲ.

ಎರಡನೆಯದು, ಇವತ್ತು ಏನನ್ನೂ ಡಿಲೀಟ್ ಮಾಡಬೇಡಿ. ನಿಮ್ಮ ಮನೆಯವರ ಮಾತು ನನಗೆ ಅರ್ಥವಾಗುತ್ತದೆ. ಆದರೆ ಅಕೌಂಟ್ ಅಳಿಸಿದ ಮೇಲೆ ನಿಮ್ಮ ಕೈಯಲ್ಲಿ ಪುರಾವೆ ಏನು ಉಳಿಯುತ್ತದೆ? ಆ ಮನುಷ್ಯನ ಮೆಸೇಜೂ ಹೋಯಿತು, ಅಕೌಂಟ್ ಎಂದು ತೆರೆದದ್ದು ಎಂಬುದೂ ಹೋಯಿತು. ಅದಕ್ಕೇ ಮೊದಲು ಅಕೌಂಟನ್ನು ಪ್ರೈವೇಟ್ ಮಾಡಿ. ಇದರಿಂದ ಏನೂ ಅಳಿಯುವುದಿಲ್ಲ, ಹೊರಗಿನವರಿಗೆ ಕಾಣುವುದು ನಿಲ್ಲುತ್ತದೆ. ಆಮೇಲೆ ಪುರಾವೆ ಕೂಡಿಸಿ. ಅಕೌಂಟಿನ ಮೊದಲ ಪುಟ, ಅವಳು ಕೊಟ್ಟ ಹುಟ್ಟಿದ ದಿನ ಕಾಣುವ ಪುಟ, ಆ ಕಾಮೆಂಟ್, ಆ ಮೆಸೇಜುಗಳು, ಅವನ ಯೂಸರ್ ಹೆಸರು, ಡ್ಯಾನ್ಸ್ ಕ್ಲಾಸಿನ ಪೋಸ್ಟ್ ಎಲ್ಲದರ ಸ್ಕ್ರೀನ್‌ಶಾಟ್ ತೆಗೆಯಿರಿ. ದಿನಾಂಕ, ಸಮಯ ಕಾಣಲಿ. ಪ್ರತಿಯೊಂದರ ಲಿಂಕನ್ನೂ ಕಾಪಿ ಮಾಡಿ ಒಂದೆಡೆ ಬರೆದಿಡಿ. ಸ್ಕ್ರೀನ್‌ಶಾಟ್ ಮಾತ್ರ ಸಾಲದು. ಕಂಪನಿಯವರಿಗಾಗಲಿ ಪೊಲೀಸರಿಗಾಗಲಿ ಹುಡುಕಲು ಬೇಕಾಗುವುದು ಲಿಂಕ್. ಅವನಿಗೆ ಉತ್ತರ ಕೊಡಬೇಡಿ, ಎಲ್ಲ ಕೂಡಿಸಿಕೊಳ್ಳುವ ತನಕ ಬ್ಲಾಕ್ ಕೂಡ ಮಾಡಬೇಡಿ.

ನಮ್ಮಂಥ ಕನ್ನಡದವರಿಗೆ ಇಲ್ಲಿ ಇನ್ನೊಂದು ಕೆಲಸವಿದೆ. 'ಯಾವ ಬಿಲ್ಡಿಂಗ್ ಪುಟ್ಟಿ' ಎಂಬುದನ್ನು ದೂರು ನೋಡುವವರು ಓದಲಾರರು. ತುಳುವಿನಲ್ಲಿ ಬರೆದಿದ್ದರಂತೂ ಕೇಳುವುದೇ ಬೇಡ. ಒಂದೊಂದು ಸ್ಕ್ರೀನ್‌ಶಾಟಿನ ಕೆಳಗೂ ಅದರ ಅರ್ಥವನ್ನು ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ಬರೆಯಿರಿ. 'ಪುಟ್ಟಿ' ಎಂದರೆ ಚಿಕ್ಕ ಹುಡುಗಿಯನ್ನು ಕರೆಯುವ ಮಾತು ಎಂದು ಬಿಡಿಸಿ ಹೇಳಿ. ಎದುರಿಗಿರುವುದು ಮಗು ಎಂದು ಅವನಿಗೆ ಗೊತ್ತಿತ್ತು ಎಂದು ತೋರಿಸುವುದು ಆ ಒಂದು ಶಬ್ದ.

ಈಗ ವಿಷಯಕ್ಕೆ ಬರೋಣ. ನೀವು ಒಂದೇ ಉಸಿರಿನಲ್ಲಿ ಬರೆದಿದ್ದೀರಿ, ಆದರೆ ಇದರಲ್ಲಿ ಮೂರು ಬೇರೆ ಬೇರೆ ಸಂಗತಿ ಇವೆ. ಆ ಮನುಷ್ಯನದು ಒಂದು. ಡ್ಯಾನ್ಸ್ ಕ್ಲಾಸಿನ ಪೋಸ್ಟ್ ಇನ್ನೊಂದು. ಆ್ಯಪ್ ನಿಮ್ಮ ಮಗಳ ಮಾಹಿತಿ ಕೂಡಿಸಿಟ್ಟದ್ದು ಮೂರನೆಯದು. ಮೂರಕ್ಕೂ ಬಾಗಿಲು ಬೇರೆ. ಮೂರನ್ನೂ ಒಂದೇ ದೂರಿನಲ್ಲಿ ತುರುಕಿದರೆ 'ಇದು ನಮಗೆ ಸೇರಿದ್ದಲ್ಲ' ಎಂದು ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ.

ಆ ಮನುಷ್ಯನ ವಿಷಯ ಕಾಯುವಂಥದ್ದಲ್ಲ. ಅಪರಿಚಿತನೊಬ್ಬ ಹತ್ತು ವರ್ಷದ ಮಗುವಿನ ಮನೆ ಎಲ್ಲಿ ಎಂದು ಕೇಳಿ, ಫೋಟೊವನ್ನೂ ಕೇಳಿದ್ದಾನೆ. ಯಾವ ಥರದ ಫೋಟೊ ಎಂದು ಮಗಳ ಹತ್ತಿರ ನಿಧಾನವಾಗಿ ಕೇಳಿ, ಮೆಸೇಜುಗಳನ್ನು ಮೇಲಿನಿಂದ ಕೆಳಗಿನ ತನಕ ಓದಿ. ಅದರಲ್ಲಿ ಮೈಯ ಬಗ್ಗೆ ಒಂದು ಮಾತಿದ್ದರೂ ಇದು ಖಾಸಗಿತನದ ಪ್ರಶ್ನೆಯಾಗಿ ಉಳಿಯುವುದಿಲ್ಲ, ಅಪರಾಧ. ಮಕ್ಕಳನ್ನು ಅಂಥದ್ದಕ್ಕೆ ಆನ್‌ಲೈನ್‌ನಲ್ಲಿ ಪುಸಲಾಯಿಸುವುದು ಐಟಿ ಕಾಯ್ದೆಯ 67ಬಿ ಕಲಮಿಗೆ ಬರುತ್ತದೆ. ಲೈಂಗಿಕ ಉದ್ದೇಶದಿಂದ ಮಗುವಿನ ಬೆನ್ನು ಬೀಳುವುದು, ಪದೇ ಪದೇ ಸಂಪರ್ಕಿಸುವುದು ಪೋಕ್ಸೊಗೆ, ಅಂದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಕಾಯ್ದೆಗೆ ಬರುತ್ತದೆ. ಕೇಂದ್ರದ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ಹೆಂಗಸರು, ಮಕ್ಕಳಿಗೆ ಸಂಬಂಧಿಸಿದ ದೂರಿಗೆ ಬೇರೆಯೇ ವಿಭಾಗ ಇದೆ. ಅಲ್ಲಿ ದೂರು ಹಾಕಿ, ಬರುವ ನಂಬರ್ ಬರೆದಿಟ್ಟುಕೊಳ್ಳಿ. ಆಮೇಲೆ ಹತ್ತಿರದ ಠಾಣೆಗೆ ಹೋಗಿ. ಡೊಂಬಿವಲಿ ಬರುವುದು ಥಾಣೆ ಶಹರದ ಪೊಲೀಸ್ ಕಮಿಷನರೇಟ್‌ಗೆ, ಮುಂಬೈಗಲ್ಲ. 'ಇದು ನಮ್ಮ ಹದ್ದಿನಲ್ಲಿ ಬರುವುದಿಲ್ಲ' ಎಂದು ವಾಪಸ್ ಕಳಿಸಲು ಬಂದರೆ ಝೀರೊ ಎಫ್‌ಐಆರ್ ಎಂದು ಕೇಳಿ. 2024ರ ಜುಲೈ 1ರಿಂದ ಜಾರಿಯಾದ ಹೊಸ ಕ್ರಿಮಿನಲ್ ಪ್ರಕ್ರಿಯೆ ಕಾನೂನಿನ 173ನೇ ಕಲಮು ಹೇಳುವುದು ಇದನ್ನೇ. ಅಪರಾಧ ಎಲ್ಲೇ ನಡೆದಿರಲಿ, ಠಾಣೆ ಮಾಹಿತಿ ತೆಗೆದುಕೊಳ್ಳಬೇಕು.

ಎಲ್ಲರ ಬಾಯಲ್ಲೂ ಇರುವ 1930 ಎಂಬ ನಂಬರ್ ಮುಖ್ಯವಾಗಿ ಆನ್‌ಲೈನ್ ಹಣದ ಮೋಸಕ್ಕೆ. ಮಗುವಿಗೆ ಅಪಾಯ ಎನ್ನಿಸಿದರೆ, ಯಾರ ಹತ್ತಿರವಾದರೂ ಈಗಲೇ ಮಾತಾಡಬೇಕು ಎನ್ನಿಸಿದರೆ, 1098ಕ್ಕೆ ಫೋನ್ ಮಾಡಿ. ಅದು ಮಕ್ಕಳ ಸಹಾಯವಾಣಿ.

ಒಂದು ಎಚ್ಚರಿಕೆ. ಇದು ನಿಮ್ಮ ಮಗಳ ವಿಷಯದಲ್ಲಿ ಬೇಕಾಗದೇ ಇರಲಿ. ಎಂದಾದರೂ ಮಗುವಿನ ಬೆತ್ತಲೆ ಫೋಟೊ ಅಥವಾ ವಿಡಿಯೊ ಕಣ್ಣಿಗೆ ಬಿದ್ದರೆ, 'ನೋಡಿ ಹೀಗಾಗಿದೆ' ಎಂದು ಫ್ಯಾಮಿಲಿ ಗ್ರೂಪಿಗೆ ಹಾಕಬೇಡಿ, ಗುರುತಿನ ವಕೀಲರಿಗೂ ವಾಟ್ಸ್‌ಆ್ಯಪ್ ಮಾಡಬೇಡಿ. ಅಂಥದ್ದನ್ನು ಹಂಚುವುದು ಅಪರಾಧ. ಇಟ್ಟುಕೊಳ್ಳುವುದೂ ಪೋಕ್ಸೊದ 15ನೇ ಕಲಮಿನಲ್ಲಿ ಶಿಕ್ಷೆಗೆ ದಾರಿ ಎಂದು ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರಿನಲ್ಲಿ ಗಟ್ಟಿಯಾಗಿ ಹೇಳಿದೆ. ಲಿಂಕ್ ಬರೆದುಕೊಂಡು ನೇರ ಪೊಲೀಸರ ಹತ್ತಿರ ಹೋಗಿ. ಪೋರ್ಟಲ್‌ನಲ್ಲಿ ಇಂಥ ದೂರನ್ನು ಹೆಸರು ಹೇಳದೆಯೂ ಕೊಡಬಹುದು. 18 ತುಂಬದವರ ಅಂಥ ಚಿತ್ರ ಹರಡುತ್ತಿದ್ದರೆ 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆ ಇದೆ. ಕಾಣೆಯಾದ ಮತ್ತು ಶೋಷಣೆಗೊಳಗಾದ ಮಕ್ಕಳಿಗಾಗಿ ಇರುವ ಅಮೆರಿಕದ ಸಂಸ್ಥೆ ಅದನ್ನು ನಡೆಸುತ್ತದೆ. ಚಿತ್ರ ನಿಮ್ಮ ಫೋನ್ ಬಿಟ್ಟು ಹೋಗುವುದಿಲ್ಲ, ಅದರ ಡಿಜಿಟಲ್ ಬೆರಳಚ್ಚು ಮಾತ್ರ ಹೋಗುತ್ತದೆ. ಅದರ ಜೊತೆ ಕೈ ಜೋಡಿಸಿರುವ ಕಂಪನಿಗಳು ಆ ಗುರುತು ಹಿಡಿದು ಚಿತ್ರವನ್ನು ತಡೆಯುತ್ತವೆ.

ಇನ್ನು ಡ್ಯಾನ್ಸ್ ಕ್ಲಾಸ್. ಇದಕ್ಕೆ ಕಾನೂನಿಗಿಂತ ಮೊದಲು ಮಾತು. ಕ್ಲಾಸಿನ ಟೀಚರ್ ಕೆಟ್ಟದ್ದು ಮಾಡಬೇಕೆಂದು ಹಾಕಿದ್ದಲ್ಲ, ಹೆಮ್ಮೆಯಿಂದ ಹಾಕಿದ್ದು. ನಮ್ಮ ಸಂಘಗಳಲ್ಲಿ ಮಗು ಸ್ಟೇಜ್ ಹತ್ತಿದರೆ ಎಲ್ಲರ ಕೈಯಲ್ಲೂ ಫೋನ್ ಮೇಲೇಳುತ್ತದೆ. ನನ್ನ ಮಗನ ಬೇಸಿಗೆ ಶಿಬಿರದವರೂ ಹೀಗೇ ಅವನ ವಿಡಿಯೊ ಹಾಕಿದ್ದರು. ಈಜುಕೊಳದ ಪಕ್ಕ, ಚಡ್ಡಿಯಲ್ಲಿ, ಎದೆಯ ಮೇಲೆ ಹೆಸರಿನ ಚೀಟಿ. ಫೋನ್ ಮಾಡಿದೆ, 'ತೆಗೀತೀವಿ ಮೇಡಂ' ಅಂದರು, ತೆಗೆಯಲಿಲ್ಲ. ಮತ್ತೆ ಮಾಡಿದೆ. ಕಡೆಗೆ ಇಮೇಲ್‌ನಲ್ಲಿ ಲಿಂಕ್ ಹಾಕಿ, 'ಈ ವಿಡಿಯೊಗೆ ನಮ್ಮ ಒಪ್ಪಿಗೆ ಇಲ್ಲ, ಮೂರು ದಿನದೊಳಗೆ ತೆಗೆಯಿರಿ' ಎಂದು ಬರೆದ ಮೇಲೆ ಮರುದಿನವೇ ಹೋಯಿತು. ನಾನೇ ಈ ಕೆಲಸದವಳು, ನಾನೇ ಎರಡು ವಾರ ಸುಮ್ನೆ ಫೋನಿನಲ್ಲಿ ಕಳೆದೆ. ನೀವು ಮೊದಲ ದಿನವೇ ಬರೆಯಿರಿ. ವಿನಯದಿಂದ ಬರೆಯಿರಿ, ಆದರೆ ಬರೆಯಿರಿ.

ಅವರು ತೆಗೆಯದಿದ್ದರೆ ಪೇಜ್ ಯಾವ ಆ್ಯಪ್‌ನಲ್ಲಿದೆಯೋ ಆ ಕಂಪನಿಗೆ ಹೋಗಿ. ಉದಾಹರಣೆಗೆ ಯೂಟ್ಯೂಬ್‌ನಲ್ಲಿ ಖಾಸಗಿತನದ ದೂರಿಗೆ ಬೇರೆ ಫಾರ್ಮ್ ಇದೆ. ಸಾಮಾನ್ಯವಾಗಿ ವಿಡಿಯೊದಲ್ಲಿ ಇರುವವರೇ ದೂರಬೇಕು ಅಂತಾರೆ. ಮಕ್ಕಳ ವಿಷಯದಲ್ಲಿ ಹೆತ್ತವರು ಅವರ ಪರವಾಗಿ ದೂರಬಹುದು. ವಿಡಿಯೊ ಹಾಕಿದವರಿಗೆ ತಾವಾಗಿ ಸರಿಪಡಿಸಲು 48 ಗಂಟೆ ಕೊಡಬಹುದು, ಆಗದಿದ್ದರೆ ಯೂಟ್ಯೂಬ್‌ನವರೇ ನೋಡುತ್ತಾರೆ. ಪೋಸ್ಟಿನ ಕೆಳಗಿನ ಮೂರು ಚುಕ್ಕೆ ಒತ್ತಿ 'ರಿಪೋರ್ಟ್' ಮಾಡುವುದು ಬೇರೆ, ಈ ಫಾರ್ಮ್ ತುಂಬುವುದು ಬೇರೆ. ಹೆಚ್ಚಿನವರು ಮೊದಲನೆಯದನ್ನು ಮಾಡಿ ದೂರು ಕೊಟ್ಟಾಯಿತು ಅಂದುಕೊಳ್ಳುತ್ತಾರೆ.

ಈಗ ಮೂರನೆಯದು. ಆ್ಯಪ್ ಏನೇನು ಇಟ್ಟುಕೊಂಡಿದೆ ಎಂದು ಕೇಳಿದ್ದೀರಿ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹೆಚ್ಚಿನ ತಾಯಂದಿರು ವಿಡಿಯೊದ ಬಗ್ಗೆ ಮಾತ್ರ ಯೋಚಿಸುತ್ತಾರೆ. ವಿಡಿಯೊ ಅದರಲ್ಲಿ ಒಂದು ಭಾಗ ಅಷ್ಟೇ.

ನಿಮ್ಮ ಮಗಳು ಆ್ಯಪ್ ತೆರೆದಾಗ ಹೆಸರು, ಫೋನ್ ನಂಬರ್, ಹುಟ್ಟಿದ ದಿನ ಕೊಟ್ಟಳು. ಇಷ್ಟು ಅವಳು ಕೊಟ್ಟದ್ದು. ಕೇಳದೆಯೇ ಹೋದದ್ದು ಇದಕ್ಕಿಂತ ಜಾಸ್ತಿ. ಫೋನ್ ಯಾವ ಮಾಡೆಲ್, ಯಾವ ಭಾಷೆಯಲ್ಲಿ ಇಟ್ಟಿದ್ದಾರೆ, ಯಾವ ಇಂಟರ್ನೆಟ್ ಸಂಪರ್ಕ, ಸುಮಾರಾಗಿ ಯಾವ ಊರು. ಅನುಮತಿ ಕೇಳಿದಾಗ 'ಹೂಂ' ಒತ್ತಿದ್ದರೆ ನಿಖರವಾದ ಜಾಗ, ನಿಮ್ಮ ಫೋನಿನ ಕಾಂಟ್ಯಾಕ್ಟ್ಸ್, ಮೈಕ್, ಗ್ಯಾಲರಿ. ಎಲ್ಲಕ್ಕಿಂತ ಮುಖ್ಯವಾದದ್ದು ಅವಳ ನೋಡುವ ರೀತಿ. ಯಾವ ವಿಡಿಯೊವನ್ನು ಎರಡು ಸೆಕೆಂಡಿಗೆ ಮೇಲೆ ತಳ್ಳಿದಳು, ಯಾವುದನ್ನು ಮೂರು ಸಲ ನೋಡಿದಳು, ರಾತ್ರಿ ಎಷ್ಟು ಹೊತ್ತಿಗೆ ನೋಡುತ್ತಾಳೆ. ಮೇಕಪ್ ವಿಡಿಯೊ ಬಂದಾಗ ಅವಳ ಬೆರಳು ನಿಂತಿತು ಎಂಬುದು ಅವಳು ಯಾರಿಗೂ ಹೇಳಿದ ಮಾತಲ್ಲ. ಆದರೂ ಯಂತ್ರ ಅದನ್ನು ಬರೆದುಕೊಂಡಿತು, ಮುಂದಿನ ಹತ್ತು ವಿಡಿಯೊ ಅದೇ ಬಂತು. ಆಂಡ್ರಾಯ್ಡ್ ಫೋನಿನಲ್ಲಿ ಜಾಹೀರಾತಿಗಾಗಿಯೇ ಒಂದು ಗುರುತಿನ ಸಂಖ್ಯೆ ಇರುತ್ತದೆ. ಬೇರೆ ಬೇರೆ ಆ್ಯಪ್‌ಗಳು ಒಂದೇ ಫೋನನ್ನು ಗುರುತಿಸುವುದು ಅದರಿಂದ. ನಿಮ್ಮ ಫೋನಿನಲ್ಲಿ ಆಟಿಕೆಯ ಜಾಹೀರಾತು ಬೆನ್ನು ಹತ್ತಲು ಇದೂ ಒಂದು ದಾರಿ. ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ, ಅದರೊಳಗೆ ಆ್ಯಡ್ಸ್ ಎಂದಿರುವಲ್ಲಿ ಹೋಗಿ ಆ ಸಂಖ್ಯೆಯನ್ನು ಅಳಿಸಬಹುದು. ಎರಡು ನಿಮಿಷದ ಕೆಲಸ, ಇವತ್ತೇ ಮಾಡಿ.

ವಿಡಿಯೊಗಳನ್ನು ಮಗಳ ಜೊತೆ ಕೂತು ಒಮ್ಮೆ ನೋಡಿ. ಅವಳ ಮುಖ ಬಿಟ್ಟು ಹಿಂದೆ ಏನು ಕಾಣುತ್ತದೆ ಎಂದು ನೋಡಿ. ಯೂನಿಫಾರ್ಮಿನ ಮೇಲೆ ಶಾಲೆಯ ಗುರುತು, ಸೊಸೈಟಿಯ ಗೇಟಿನ ಬೋರ್ಡು, ಕಿಟಕಿಯಿಂದ ಕಾಣುವ ಅಂಗಡಿ, ಪ್ಲಾಟ್‌ಫಾರ್ಮಿನ ಹೆಸರು. ಒಂದೊಂದು ವಿಡಿಯೊದಲ್ಲಿ ಒಂದೊಂದು ಚೂರು. ನಲವತ್ತು ವಿಡಿಯೊ ನೋಡಿದವನಿಗೆ ಬಿಲ್ಡಿಂಗ್ ಯಾವುದು ಎಂದು ಕೇಳುವ ಅಗತ್ಯವೇ ಬೀಳದು. ಅಂಥ ವಿಡಿಯೊ ಸಿಕ್ಕರೆ ಅವುಗಳ ಲಿಂಕನ್ನು ಬೇರೆ ಬರೆದಿಡಿ. ದೂರಿನಲ್ಲಿ ಮೊದಲು ಬರಬೇಕಾದದ್ದು ಅವು.

ದೂರು ಬರೆಯುವುದು ಆ್ಯಪ್‌ನ ಕುಂದುಕೊರತೆ ಅಧಿಕಾರಿಗೆ. ಇದು ಬಹಳ ಜನರಿಗೆ ಗೊತ್ತಿಲ್ಲದ ಬಾಗಿಲು. 2021ರ ಫೆಬ್ರವರಿಯಲ್ಲಿ ಬಂದ ಐಟಿ ನಿಯಮಗಳ ಪ್ರಕಾರ ಇಂಥ ಪ್ರತಿಯೊಂದು ಕಂಪನಿಯೂ ಗ್ರೀವೆನ್ಸ್ ಆಫೀಸರ್ ಒಬ್ಬರನ್ನು ಇಡಬೇಕು. ಅವರ ಹೆಸರು, ಸಂಪರ್ಕ ಆ್ಯಪ್‌ನಲ್ಲಿ ಕಾಣುವಂತೆ ಹಾಕಬೇಕು. ಸಾಮಾನ್ಯವಾಗಿ ಅದು ಪ್ರೈವಸಿ ಪಾಲಿಸಿಯ ಅಥವಾ ಹೆಲ್ಪ್ ಪುಟದ ತೀರಾ ಕೆಳಗೆ ಇರುತ್ತದೆ, ತಾಳ್ಮೆಯಿಂದ ಹುಡುಕಿ. ದೂರು ತಲುಪಿತು ಎಂದು 24 ಗಂಟೆಯೊಳಗೆ ತಿಳಿಸಬೇಕು. ಹೆಚ್ಚೆಂದರೆ 7 ದಿನದೊಳಗೆ ಇತ್ಯರ್ಥ ಮಾಡಬೇಕು. ಖಾಸಗಿತನಕ್ಕೆ ಧಕ್ಕೆ ತರುವ ವಿಡಿಯೊ ತೆಗೆಯಿರಿ ಎಂಬ ದೂರಿಗೆ ಹೆಚ್ಚೆಂದರೆ 36 ಗಂಟೆ. ಬೆತ್ತಲೆ ಅಥವಾ ತಿರುಚಿದ ಚಿತ್ರವಾದರೆ ಗಡುವು ಹೆಚ್ಚೆಂದರೆ 2 ಗಂಟೆ.

ಶಬ್ದಗಳ ಬಗ್ಗೆ ಸ್ವಲ್ಪ ಗಮನ ಕೊಡಿ. ಆ ನಿಯಮಗಳ 3(1)(ಬಿ) ಎಂಬ ಭಾಗದಲ್ಲಿ ಯಾವುದನ್ನು ಹಾಕಬಾರದು ಎಂಬ ಪಟ್ಟಿ ಇದೆ. 'ಇನ್ನೊಬ್ಬರ ಖಾಸಗಿತನಕ್ಕೆ ಧಕ್ಕೆ ತರುವುದು' ಅದರಲ್ಲಿ ಒಂದು. 'ಮಗುವಿಗೆ ಹಾನಿಯಾಗುವಂಥದ್ದು' ಇನ್ನೊಂದು. ನಿಮ್ಮ ದೂರಿನಲ್ಲಿ ಈ ಎರಡು ಮಾತು ಮತ್ತು ನಿಯಮದ ನಂಬರ್ ಇರಲಿ. 'ನನ್ನ ಮಗಳಿಗೆ ತೊಂದರೆ ಆಗ್ತಿದೆ, ದಯವಿಟ್ಟು ಸಹಾಯ ಮಾಡಿ' ಎಂದು ಬರೆದರೆ ಯಾವುದೋ ತಯಾರು ಉತ್ತರ ಬರುತ್ತದೆ. ನಿಯಮ ಹೆಸರಿಸಿದ ದೂರನ್ನು ಹಾಗೆ ತಳ್ಳುವುದು ಅವರಿಗೆ ಕಷ್ಟ.

ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ. ಇದನ್ನೇ ಇಂಗ್ಲಿಷಿಗೆ ತಂದು ಕಳಿಸಿ: 'ಈ ಯೂಸರ್ ಹೆಸರಿನ ಅಕೌಂಟ್ ನನ್ನ ಮಗಳದು. ಅವಳಿಗೆ ಈಗ 10 ವರ್ಷ. ಹುಟ್ಟಿದ ವರ್ಷ 2001 ಎಂದು ತಪ್ಪಾಗಿ ನಮೂದಾಗಿದೆ. ಹೆತ್ತವಳಾದ ನಾನು ಇದಕ್ಕೆ ಎಂದೂ ಒಪ್ಪಿಗೆ ಕೊಟ್ಟಿಲ್ಲ. ಕೆಳಗಿನ ಲಿಂಕ್‌ಗಳಲ್ಲಿರುವ ವಿಡಿಯೊಗಳು ಅವಳ ಶಾಲೆ, ಮನೆಯ ಜಾಗ ತೋರಿಸುತ್ತವೆ. ಇವುಗಳನ್ನು ತಕ್ಷಣ ತೆಗೆಯಿರಿ. ಈ ಅಕೌಂಟಿನಿಂದ ಯಾವ ಮಾಹಿತಿ ಕೂಡಿಸಿದ್ದೀರಿ, ಯಾರ ಜೊತೆ ಹಂಚಿದ್ದೀರಿ ಎಂದು ತಿಳಿಸಿ. ಆಮೇಲೆ ಅಕೌಂಟ್ ಮತ್ತು ಅದರ ಎಲ್ಲ ಮಾಹಿತಿ ಅಳಿಸಿ, ಅಳಿಸಿದ್ದನ್ನು ಬರಹದಲ್ಲಿ ತಿಳಿಸಿ. ಈ ಯೂಸರ್ ಹೆಸರಿನವನು ಮಗುವಿಗೆ ಮೆಸೇಜ್ ಕಳಿಸಿದ್ದಾನೆ. ಪೊಲೀಸರಿಗೆ ದೂರು ಕೊಟ್ಟಿದ್ದೇವೆ, ನಂಬರ್ ಇದು. ಅವನ ಮೆಸೇಜುಗಳ ದಾಖಲೆಯನ್ನು ತನಿಖೆಗಾಗಿ ಉಳಿಸಿಡಿ.'

ಕಡೆಯ ವಾಕ್ಯ ಮರೆಯಬೇಡಿ. ಅಳಿಸಿ ಎಂದಷ್ಟೇ ಬರೆದರೆ ಅವನ ಜಾಡೂ ಅಳಿದೀತು.

ಮಗಳ ವಯಸ್ಸು ತೋರಿಸಲು ಹುಟ್ಟಿದ ಸರ್ಟಿಫಿಕೇಟ್ ಕೇಳಬಹುದು. ಆಧಾರ್ ಕಳಿಸಬೇಡಿ. ಸರ್ಟಿಫಿಕೇಟ್ ಕಳಿಸುವುದಾದರೆ ಹೆಸರು ಮತ್ತು ಹುಟ್ಟಿದ ದಿನ ಬಿಟ್ಟು ಉಳಿದದ್ದನ್ನು ಮುಚ್ಚಿ. ಖಾಸಗಿತನ ಕಾಪಾಡಲು ಹೊರಟು ಇನ್ನಷ್ಟು ಕಾಗದ ಕೊಟ್ಟು ಬರುವುದು ಬೇಡ ಅಲ್ವಾ.

ಉತ್ತರ ಬರಲಿಲ್ಲ, ಅಥವಾ ಬಂದ ಉತ್ತರ ಸರಿಯಿಲ್ಲ ಅನ್ನಿ. ಆಗ ಗ್ರೀವೆನ್ಸ್ ಅಪೆಲೇಟ್ ಕಮಿಟಿ ಇದೆ, ಜಿಎಸಿ ಎಂದು ಕರೆಯುತ್ತಾರೆ. ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ ಇಂಥ ಮೂರು ಸಮಿತಿ ಮಾಡಿತು, ಅದೇ ವರ್ಷ ಮಾರ್ಚ್ 1ರಿಂದ ಅವು ಕೆಲಸ ಶುರು ಮಾಡಿದವು. ಪೂರ್ತಿ ಆನ್‌ಲೈನ್. ದಿಲ್ಲಿಗೆ ಹೋಗಬೇಕಿಲ್ಲ, ಮನೆಯಲ್ಲೇ ಕೂತು ಮೇಲ್ಮನವಿ ಹಾಕಬಹುದು. ಕಂಪನಿಯ ಉತ್ತರ ಬಂದ 30 ದಿನದೊಳಗೆ ಹಾಕಬೇಕು. ಅದಕ್ಕೇ ಆ ಉತ್ತರದ ದಿನಾಂಕ ಕ್ಯಾಲೆಂಡರಿನಲ್ಲಿ ಬರೆದಿಡಿ. ಸಮಿತಿಯೂ 30 ದಿನದೊಳಗೆ ಮುಗಿಸಲು ನೋಡಬೇಕು ಎಂದು ನಿಯಮ ಹೇಳುತ್ತದೆ.

ಇನ್ನು ನೀವು ಪತ್ರಿಕೆಯಲ್ಲಿ ಓದಿರಬಹುದಾದ ಹೊಸ ಕಾನೂನು, ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾಯ್ದೆ. ಇದರ ಬೇರು ನಮ್ಮ ಕಡೆಯದೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ವಿಷಯದಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಅವರ ಹೆಸರಿನ ಆ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದರು. ಆ ತೀರ್ಪಿನಲ್ಲಿ ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್ ಮಕ್ಕಳ ಬಗ್ಗೆಯೇ ಬರೆದಿದ್ದಾರೆ. ಚಿಕ್ಕವರಿದ್ದಾಗ ತಿಳಿಯದೆ ಮಾಡಿದ ತಪ್ಪಿನ ಫಲವನ್ನು ಅವರು ಜೀವನವಿಡೀ ಅನುಭವಿಸುವಂತಾಗಬಾರದು ಎಂಬುದು ಅವರ ಮಾತಿನ ಸಾರ. ಇಂಥ ದೂರು ನನ್ನ ಮುಂದೆ ಬಂದಾಗಲೆಲ್ಲ ನನಗೆ ಅದು ನೆನಪಾಗುತ್ತದೆ.

ಕಾಯ್ದೆ ಬಂದದ್ದು 2023ರ ಆಗಸ್ಟ್‌ನಲ್ಲಿ. ಅದರ ನಿಯಮಗಳು ಬಂದದ್ದು 2025ರ ನವೆಂಬರ್ 14ರಂದು, ಮಕ್ಕಳ ದಿನಾಚರಣೆಯ ದಿನ. ಆದರೆ ಎಲ್ಲವೂ ಅಂದೇ ಜಾರಿಯಾಗಲಿಲ್ಲ. ಈ ಕಾಯ್ದೆಯ ದೂರು ಕೇಳುವ ಡೇಟಾ ಪ್ರೊಟೆಕ್ಷನ್ ಬೋರ್ಡಿಗೆ ಸಂಬಂಧಿಸಿದ ಭಾಗ ಮೊದಲು ಬಂತು. ಮಕ್ಕಳಿಗೆ ಸಂಬಂಧಿಸಿದ 9ನೇ ಕಲಮು ಮತ್ತು ನಮ್ಮ ಮುಖ್ಯ ಹಕ್ಕುಗಳಿಗೆ 18 ತಿಂಗಳ ಕಾಲಾವಕಾಶ ಇಟ್ಟಿದ್ದಾರೆ. ಅಂದರೆ 2027ರ ಮೇ. ಕಂಪನಿಗಳಿಗೆ ತಯಾರಿಗೆ ಸಮಯ ಬೇಕು ಎಂಬುದು ಕಾರಣ. ಇಷ್ಟು ದೀರ್ಘ ಅವಧಿ ಮಕ್ಕಳ ಕಲಮಿಗಾದರೂ ಬೇಕಿರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಅದು ಜಾರಿಯಾದಾಗ ಏನು ಬದಲಾಗುತ್ತದೆ ಗೊತ್ತಿರಲಿ. 18 ತುಂಬದವರೆಲ್ಲ ಅದರ ಲೆಕ್ಕದಲ್ಲಿ ಮಕ್ಕಳೇ. ಅವರ ಮಾಹಿತಿ ಮುಟ್ಟುವ ಮೊದಲು ಹೆತ್ತವರ ಒಪ್ಪಿಗೆ ಬೇಕು. ಒಪ್ಪಿಗೆ ಕೊಟ್ಟವರು ನಿಜಕ್ಕೂ ದೊಡ್ಡವರೇ ಎಂದು ಕಂಪನಿಯೇ ಪರಿಶೀಲಿಸಬೇಕು. 2001 ಎಂದು ಟೈಪ್ ಮಾಡಿದರೆ ಆಯಿತು ಎನ್ನುವ ಕಾಲ ಹೋಗಬೇಕು ಎಂಬುದು ಉದ್ದೇಶ. ಮಕ್ಕಳ ಚಲನವಲನದ ಜಾಡು ಹಿಡಿಯುವುದು, ಅವರನ್ನೇ ಗುರಿ ಮಾಡಿ ಜಾಹೀರಾತು ಕಳಿಸುವುದು ನಿಷೇಧ. ಶಾಲೆಗಳಿಗೆ ಕಲಿಕೆ, ಸುರಕ್ಷತೆಯಂಥ ಕೆಲಸಕ್ಕೆ ಸ್ವಲ್ಪ ವಿನಾಯಿತಿ ಇದೆ. ಮಕ್ಕಳ ವಿಷಯದ ಕರ್ತವ್ಯ ಮುರಿದರೆ ದಂಡ 200 ಕೋಟಿ ರೂಪಾಯಿ ತನಕ. ನಮಗೆಲ್ಲ ಖುಷಿ ಕೊಡುವ ಒಂದು ಸಂಗತಿ, ಒಪ್ಪಿಗೆ ಕೇಳುವ ನೋಟೀಸನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಕೊಡಬೇಕು. ಕನ್ನಡ ಅದರಲ್ಲಿದೆ. ಡೊಂಬಿವಲಿಯಲ್ಲಿ ಕೂತು ಕನ್ನಡದಲ್ಲಿ ಕೊಡಿ ಎಂದು ಕೇಳಬಹುದು.

ಆದರೆ ಆ ಕಾಯ್ದೆಯಿಂದ ಏನು ಸಿಗುವುದಿಲ್ಲ ಎಂಬುದನ್ನೂ ಹೇಳಬೇಕು. ದಂಡದ ಹಣ ಸರ್ಕಾರದ ಖಜಾನೆಗೆ ಹೋಗುತ್ತದೆ. ನಿಮಗೆ ಪರಿಹಾರ ಎಂದು ಬೋರ್ಡ್ ಹಣ ಕೊಡಿಸುವುದಿಲ್ಲ. ಬೋರ್ಡಿಗೆ ಹೋಗುವ ಮೊದಲು ಕಂಪನಿಯ ಹತ್ತಿರ ದೂರು ಕೊಟ್ಟು ಆಗಿರಬೇಕು. ಕಂಪನಿಗೆ ಉತ್ತರಿಸಲು 90 ದಿನದ ತನಕ ಸಮಯ ಇರುತ್ತದೆ. ಸುಳ್ಳು ದೂರು ಕೊಟ್ಟವರಿಗೂ 10,000 ರೂಪಾಯಿ ತನಕ ದಂಡ ಇದೆ ಎಂದು ಯಾರಾದರೂ ಹೆದರಿಸಿಯಾರು. ನಿಮ್ಮದು ಸುಳ್ಳಲ್ಲ, ಹೆದರಬೇಡಿ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ, ನನಗೆ ಇದೇ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ತಮ್ಮ ಮಾಹಿತಿಯನ್ನು ತಾವೇ ಎಲ್ಲರಿಗೂ ಕಾಣುವಂತೆ ಹಾಕಿದರೆ ಆ ಮಾಹಿತಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಮಗುವಿನ ವಿಷಯದಲ್ಲಿ 'ತಾವು' ಎಂದರೆ ಹೆತ್ತವರೂ ಸೇರಿದರು. ಅಂದರೆ ಮಗಳ ಹುಟ್ಟುಹಬ್ಬದ ವಿಡಿಯೊವನ್ನು ನೀವೇ ಪಬ್ಲಿಕ್ ಪೇಜಿನಲ್ಲಿ ಹಾಕಿದರೆ, ಅದರ ಮಟ್ಟಿಗೆ ಮಗಳಿಗಿದ್ದ ರಕ್ಷಣೆಯನ್ನು ನೀವೇ ತೆಗೆದ ಹಾಗೆ. ನಿಮ್ಮ ಫೇಸ್‌ಬುಕ್‌ನಲ್ಲಿ ಹಳೆಯ ಪೋಸ್ಟ್‌ಗಳಿದ್ದರೆ ಅವನ್ನು 'ಫ್ರೆಂಡ್ಸ್‌ಗೆ ಮಾತ್ರ' ಎಂದು ಬದಲಿಸಿ.

ಹೊರದೇಶದ ಕಥೆ ಸ್ವಲ್ಪ ಹೇಳುತ್ತೇನೆ, ದೂರಿನಿಂದ ಏನಾಗುತ್ತದೆ ಎಂದು ಕೇಳುವ ನಿಮ್ಮ ಮನೆಯವರಿಗಾಗಿ. ಅಮೆರಿಕದಲ್ಲಿ 13 ತುಂಬದ ಮಕ್ಕಳ ಮಾಹಿತಿಗೆ 1998ರಿಂದಲೇ ಕಾನೂನಿದೆ. ಯೂಟ್ಯೂಬ್ ಮಕ್ಕಳ ಚಾನೆಲ್‌ಗಳಲ್ಲಿ ಹೆತ್ತವರನ್ನು ಕೇಳದೆ ಮಾಹಿತಿ ಕೂಡಿಸಿ ಜಾಹೀರಾತಿಗೆ ಬಳಸಿತು ಎಂಬ ಮೊಕದ್ದಮೆಯಲ್ಲಿ ಗೂಗಲ್ 2019ರ ಸೆಪ್ಟೆಂಬರಿನಲ್ಲಿ 17 ಕೋಟಿ ಡಾಲರ್ ಕಟ್ಟಲು ಒಪ್ಪಿತು. ಅದಕ್ಕೂ ಮೊದಲು ಮಕ್ಕಳ ಪರ ಕೆಲಸ ಮಾಡುವ ಸಂಘಟನೆಗಳು ಅಲ್ಲಿನ ವ್ಯಾಪಾರ ಆಯೋಗಕ್ಕೆ ದೂರು ಬರೆದಿದ್ದವು. 2020ರ ಜನವರಿಯಿಂದ ಮಕ್ಕಳಿಗಾಗಿ ಎಂದು ಗುರುತು ಮಾಡಿದ ವಿಡಿಯೊಗಳಲ್ಲಿ ನೋಡುವವರ ಜಾಡು ಹಿಡಿದು ಕೊಡುವ ಜಾಹೀರಾತು ನಿಂತಿತು, ಕಾಮೆಂಟ್ ಮುಚ್ಚಿತು. ಅದರ ಲಾಭ ಇಲ್ಲಿ ಕೂತು ನೋಡುವ ನಮ್ಮ ಮಕ್ಕಳಿಗೂ ಸಿಕ್ಕಿತು. ಐರ್ಲೆಂಡಿನ ಮಾಹಿತಿ ರಕ್ಷಣಾ ಆಯೋಗ 2023ರಲ್ಲಿ ಟಿಕ್‌ಟಾಕ್‌ಗೆ 34.5 ಕೋಟಿ ಯೂರೊ ದಂಡ ಹಾಕಿತು. ಮಕ್ಕಳ ಅಕೌಂಟ್ ತೆರೆದ ಕೂಡಲೇ ತಾನಾಗಿ ಎಲ್ಲರಿಗೂ ಕಾಣುವಂತೆ ಇಟ್ಟದ್ದು ಅದಕ್ಕೆ ಒಂದು ಕಾರಣ.

ಪಕ್ಕದ ಮನೆಯವರು ಹೇಳಿದ ಗ್ರಾಹಕರ ಕೋರ್ಟ್ ನಿಮ್ಮ ವಿಷಯಕ್ಕೆ ಸರಿ ಹೊಂದುವುದಿಲ್ಲ. 2019ರ ಗ್ರಾಹಕ ಕಾಯ್ದೆಯಲ್ಲಿ ಗ್ರಾಹಕ ಎಂದರೆ ಬೆಲೆ ಕೊಟ್ಟವರು. ಆ್ಯಪ್ ಉಚಿತ. ದುಡ್ಡು ಕಟ್ಟಿದ ಮಕ್ಕಳ ಕಲಿಕೆ ಆ್ಯಪ್ ಆಗಿದ್ದರೆ, ಮಗಳು ತಿಳಿಯದೆ ಚಂದಾ ಕಟ್ಟಿಬಿಟ್ಟಿದ್ದರೆ, ಆಗ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.

ಇನ್ನು ಮನೆಯ ಕೆಲಸ. 13 ತುಂಬುವ ತನಕ ಅವಳಿಗೆ ಯೂಟ್ಯೂಬ್ ಬೇಕೇ ಬೇಕಾದರೆ ನಿಮ್ಮ ಅಕೌಂಟಿನಲ್ಲಿ ಕೊಡಬೇಡಿ. ಹೆತ್ತವರು ಮಗುವಿನ ಅಕೌಂಟ್ ನೋಡಿಕೊಳ್ಳಲು ಗೂಗಲ್‌ನ ಫ್ಯಾಮಿಲಿ ಲಿಂಕ್ ಎಂಬ ಆ್ಯಪ್ ಇದೆ, ಅದರ ಮೂಲಕ ನಿಜವಾದ ವಯಸ್ಸು ಹಾಕಿ ಅವಳದೇ ಅಕೌಂಟ್ ಮಾಡಿ, ಅಥವಾ ಯೂಟ್ಯೂಬ್ ಕಿಡ್ಸ್ ಹಾಕಿ. ನಿಜವಾದ ವಯಸ್ಸು ಹಾಕುವುದೇ ಇಲ್ಲಿ ರಕ್ಷಣೆ. ದೊಡ್ಡವಳು ಎಂದು ಹೇಳಿದ ಮಗುವನ್ನು ಯಂತ್ರ ದೊಡ್ಡವಳಂತೆಯೇ ನಡೆಸಿಕೊಳ್ಳುತ್ತದೆ. ಮೇ ತಿಂಗಳಲ್ಲಿ ಊರಿಗೆ ಹೋದಾಗ ಅಜ್ಜಿಯ ಫೋನೂ ಇದೆ ಎಂಬುದು ನೆನಪಿರಲಿ. ಇಲ್ಲಿ ಇಷ್ಟೆಲ್ಲ ಮಾಡಿ, ಅಲ್ಲಿ ಎರಡು ತಿಂಗಳು ಅಜ್ಜಿಯ ಅಕೌಂಟಿನಲ್ಲಿ ನೋಡುತ್ತಾ ಕೂತರೆ ಮತ್ತೆ ಅದೇ. ಹೋದ ದಿನವೇ ಅಜ್ಜಿಯ ಫೋನಿನಲ್ಲೂ ಕಿಡ್ಸ್ ಆ್ಯಪ್ ಹಾಕಿ, ಮೈಕ್ ಮತ್ತು ಲೊಕೇಶನ್ ಅನುಮತಿ ತೆಗೆಯಿರಿ.

ಕಡೆಗೆ ಅಕೌಂಟ್ ಮುಚ್ಚುವುದು. ಫೋನಿನಿಂದ ಆ್ಯಪ್ ತೆಗೆದರೆ ಅಕೌಂಟ್ ಹೋಗುವುದಿಲ್ಲ. ಸೆಟ್ಟಿಂಗ್ಸ್‌ನೊಳಗೆ ಹೋಗಿ ಅಕೌಂಟ್ ಡಿಲೀಟ್ ಎಂದೇ ಕೊಡಬೇಕು. ಇನ್‌ಸ್ಟಾಗ್ರಾಂನಂಥ ಆ್ಯಪ್‌ಗಳು ಪೂರ್ತಿ ಅಳಿಸುವ ಮೊದಲು 30 ದಿನ ಇಟ್ಟುಕೊಳ್ಳುತ್ತವೆ. ಆ ಮಧ್ಯೆ ಒಮ್ಮೆ ಲಾಗಿನ್ ಆಗಿ ಅಕೌಂಟ್ ಬೇಕು ಎಂದರೆ ಅಳಿಸುವುದು ರದ್ದಾಗುತ್ತದೆ. ಪೊಲೀಸ್ ದೂರಿನ ನಂಬರ್ ಮತ್ತು ಕಂಪನಿಯ ಉತ್ತರ ಎರಡೂ ಕೈಗೆ ಬಂದ ಮೇಲೆ ಇದನ್ನು ಮಾಡಿ. ಅದಕ್ಕೂ ಮೊದಲು ಮಗಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. 'ನಿನ್ನ ಮಾಹಿತಿ ಡೌನ್‌ಲೋಡ್ ಮಾಡು' ಎಂಬ ಆಯ್ಕೆ ಇರುತ್ತದೆ, ಅದನ್ನು ಒತ್ತಿ ಎಲ್ಲ ವಿಡಿಯೊ ನಿಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ನಲವತ್ತು ಸಲ ಅವಳು ಕುಣಿದಿದ್ದಾಳೆ, ನಕ್ಕಿದ್ದಾಳೆ. ಯಾವುದನ್ನು ಇಟ್ಟುಕೊಳ್ಳಬೇಕು ಎಂದು ಅವಳೇ ಆರಿಸಲಿ. ಡಿಲೀಟ್ ಬಟನ್ನನ್ನೂ ಅವಳ ಕೈಯಿಂದಲೇ ಒತ್ತಿಸಿ.